ಮಸ್ಕತ್ತಿನ ಲೈಸೆನ್ಸು, ಅಕ್ಕಲಕೋಟದ ಹಾದಿ

ಕೆಲವರ ಜಾತಕದಲ್ಲಿ ಶನಿ ಇರುತ್ತಾನೆ, ಕೆಲವರ ಜಾತಕದಲ್ಲಿ ರಾಹು. ನನ್ನ ಜಾತಕದಲ್ಲಿ ಪಕ್ಕದ ಸೀಟಿನಲ್ಲಿ ಕೂತು ಬುದ್ಧಿ ಹೇಳುವ ಗಂಡಸು ಇದ್ದಾನೆ. ಎರಡು ದೇಶಗಳಲ್ಲಿ ಗಾಡಿ ಕಲಿತೆ, ಎರಡೂ ಕಡೆ ಲೈಸೆನ್ಸ್ ಪಡೆದೆ, ಆದರೂ ಅವನು ಇಳಿಯಲೊಲ್ಲ. ಮುಖ ಬದಲಾಗುತ್ತದೆ, ಭಾಷೆ ಬದಲಾಗುತ್ತದೆ, ಬುದ್ಧಿವಾದ ಮಾತ್ರ ಅದೇ. ಹೇಳಿದರೆ ನಗುತ್ತೀರಿ. ನಗಿರಿ. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ನನ್ನ ತವರು ಅಕ್ಕಲಕೋಟ, ಕೊಟ್ಟ ಮನೆ ಸೊಲ್ಲಾಪುರ. ನಡುವೆ ಹೆಚ್ಚೆಂದರೆ ಒಂದು ತಾಸಿನ ಹಾದಿ. ಆ ಒಂದು ತಾಸಿಗಾಗಿ ನಾನು ತಿಂಗಳುಗಟ್ಟಲೆ ಕಾದದ್ದಿದೆ. ತಮ್ಮನಿಗೆ ರಜೆ ಸಿಗಬೇಕು, ಅವನು ಕರೆಯಲು ಬರಬೇಕು, ಅತ್ತೆಗೆ ಕಳಿಸುವ ಮನಸ್ಸಾಗಬೇಕು. ಆಮೇಲೆ ನಮ್ಮ ಮನೆಯವರು ಸೊಲ್ಲಾಪುರದ ಚಾದರು, ಟವೆಲ್ಲು ಮಾರುವ ಅಂಗಡಿ ಹಾಕಲು ಮಸ್ಕತ್ತಿಗೆ ಹೊರಟರು. ಹಿಂದೆ ನಾನೂ ಹೋದೆ. ಅಲ್ಲಿಯೂ ಅದೇ ಪಾಡು. ಒಂದು ಕಟ್ಟು ಕೊತ್ತಂಬರಿ ಬೇಕಾದರೂ ಅವರು ಅಂಗಡಿ ಮುಚ್ಚಿ ಬರುವ ತನಕ ಕಿಟಕಿಯಲ್ಲಿ ಕೂತು ದಾರಿ ಕಾಯಬೇಕು. ಒಂದು ದಿನ ಸಿಟ್ಟು ನೆತ್ತಿಗೇರಿತು. ಯಾರ ದಾರಿಯನ್ನೂ ಕಾಯದೆ, ನನಗೆ ಹೋಗಬೇಕೆನಿಸಿದಾಗ ನಾನೊಬ್ಬಳೇ ಎದ್ದು ಹೊರಡಬೇಕು. ನನ್ನ ಆಸೆ ಇಷ್ಟೇ. ಅದಕ್ಕೆ ಲೈಸೆನ್ಸ್ ಬೇಕು ಎಂದು ಹಟ ಹಿಡಿದೆ.

ದೇವರನ್ನು ನೆನೆದ ತಪ್ಪು

ಆ ದೇಶದಲ್ಲಿ ಲೈಸೆನ್ಸ್ ಎಂದರೆ ಹುಡುಗಾಟವಲ್ಲ. ಮೊದಲು ಸಾಲಾಗಿ ಇಟ್ಟ ಡ್ರಮ್ಮುಗಳ ನಡುವೆ ಗಾಡಿಯನ್ನು ಹಿಂದೆ ಹಿಂದೆ ಒಯ್ದು, ಒಂದಕ್ಕೂ ತಾಗಿಸದೆ ನಿಲ್ಲಿಸಬೇಕು. ಬೇಸಿಗೆಯ ಬಿಸಿಲಲ್ಲಿ ಬೆವರು ಸುರಿಸಿ ಅದನ್ನು ಕಲಿತೆ, ಪಾಸಾದೆ. ಮುಂದಿನದು ರಸ್ತೆಯ ಪರೀಕ್ಷೆ. ಪಕ್ಕದಲ್ಲಿ ಕಪ್ಪು ಕನ್ನಡಕದ ಪರೀಕ್ಷಕ ಬಂದು ಕೂತ. ಅಷ್ಟಿಷ್ಟು ಹಿಂದಿ ಬಲ್ಲವನು.

"ಚಲೋ," ಎಂದ.

ಸೊಲ್ಲಾಪುರದ ಸೀಮೆಯಲ್ಲಿ ಹುಟ್ಟಿದ ಯಾರೇ ಆಗಲಿ ಮಾಡುವುದನ್ನೇ ನಾನೂ ಮಾಡಿದೆ. ಸ್ಟೇರಿಂಗನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಕಣ್ಣು ಮುಚ್ಚಿ ಮನೆದೇವರನ್ನು ನೆನೆದೆ. ತವರಿನ ದೇವರಿಗೆ ಬೇಸರ ಆಗಬಾರದೆಂದು ಅವರನ್ನೂ ನೆನೆದೆ. ಕಣ್ಣು ತೆರೆದರೆ ಆತ ಏನೋ ಬರೆಯುತ್ತಿದ್ದ.

"ಖಲಾಸ್. ಫೇಲ್."

"ಗಾಡಿ ಇನ್ನೂ ಚಾಲೂನೇ ಮಾಡಿಲ್ಲವಲ್ಲ!"

"ಡ್ರೈವರ್ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದೆ."

"ದೇವರನ್ನು ನೆನೆದೆ ಸಾಹೇಬರೇ."

ಆತ ಕನ್ನಡಕ ತೆಗೆದು ನನ್ನನ್ನು ಸರಿಯಾಗಿ ನೋಡಿದ. "ಗಾಡಿ ನಿಂತಿರುವಾಗಲೇ ನಿನಗೆ ದೇವರು ಬೇಕು. ಹೊರಟ ಮೇಲೆ ನನ್ನ ಗತಿ ಏನು?"

ಇಂಜಿನ್ ಚಾಲೂ ಮಾಡದೆಯೇ ನಪಾಸಾದವಳು ಇಡೀ ಮಸ್ಕತ್ತಿನಲ್ಲಿ ನಾನೊಬ್ಬಳೇ ಇರಬೇಕು. ಭಕ್ತಿಗೆ ಇದೇನಾ ಮರ್ಯಾದೆ ಎಂದು ಮನೆಗೆ ಬಂದು ಕೂಗಾಡಿದೆ. ನಮ್ಮ ಮನೆಯವರು ಟವೆಲ್ಲು ಮಡಚುತ್ತಾ ತಣ್ಣಗೆ ಅಂದರು: "ಒಂದ ಕಣ್ಣರ ತೆರದಿಟ್ಟು ನೆನಿಬಾರದೇನ?"

ಹಾರ್ನ್ ಹೊಡೆದು ಕೊಟ್ಟ ಮರ್ಯಾದೆ

ಮುಂದಿನ ಸಲ ಕಣ್ಣನ್ನು ಎಷ್ಟು ಅಗಲ ತೆರೆದೆನೆಂದರೆ ನೀರು ಬಂತು. ದೇವರನ್ನು ಮನೆಯಲ್ಲೇ ನೆನೆದು ಮುಗಿಸಿದ್ದೆ. ಪರೀಕ್ಷಕ ಬೇರೆಯವನು, ಕನ್ನಡಕ ಅದೇ ನಮೂನೆ. ಗಾಡಿ ಎಣ್ಣೆಯಲ್ಲಿ ಜಾರಿದಂತೆ ಹೋಯಿತು. ನನಗೇ ಹೆಮ್ಮೆ ಅನ್ನಿಸಿತು.

ಮುಂದೆ ಒಬ್ಬ ಬಿಳಿಗಡ್ಡದ ಹಿರಿಯರು ತಮ್ಮ ಗಾಡಿಯನ್ನು ನಿಧಾನಕ್ಕೆ ಒಯ್ಯುತ್ತಿದ್ದರು. ಅವರನ್ನು ದಾಟಿ ಹೋಗಬೇಕಿತ್ತು. ನಮ್ಮ ಕಡೆ ಹಿರಿಯರ ಪಕ್ಕದಿಂದ ಸುಮ್ಮನೆ ಸರಕ್ಕನೆ ಹೋಗಿಬಿಟ್ಟರೆ ಅವಿನಯ. ಒಂದು ಸಣ್ಣ ಪೀಂ ಅನ್ನಬೇಕು. ಅದರರ್ಥ, "ಅಜ್ಜಾರ, ನಾ ಬಾಜೂಕಿಂದ ಹೊಂಟೀನ್ರಿ, ಗಾಬ್ರಿ ಆಗಬ್ಯಾಡ್ರಿ." ನಮ್ಮಲ್ಲಿ ಲಾರಿಯವರಂತೂ ಬೆನ್ನ ಮೇಲೆ ಬರೆಸಿಕೊಂಡು ಬೇಡುತ್ತಾರೆ, ಹಾರ್ನ್ ಹೊಡೆಯಿರಿ ಎಂದು. ನಾನು ವಿನಯದಿಂದ ಎರಡು ಪೀಂ ಹೊಡೆದೆ.

ಪರೀಕ್ಷಕ ಸೀಟಿನಿಂದ ಅರ್ಧ ಎದ್ದ. "ಯಾಕೆ ಬೈದೆ?"

"ಬೈಯಲಿಲ್ಲ, ಹೇಳಿದೆ."

"ಅವರು ನಿನ್ನ ಪರಿಚಯದವರಾ?"

"ಅಲ್ಲ."

"ಮತ್ತೇನು ಹೇಳಿದೆ?"

ಅಷ್ಟರಲ್ಲಿ ಆ ಹಿರಿಯರು ಗಾಡಿಯನ್ನು ಬದಿಗೆ ನಿಲ್ಲಿಸಿ ಇಳಿದೇ ಬಿಟ್ಟರು. ನಾನೂ ನಿಲ್ಲಿಸಬೇಕಾಯಿತು. ಅವರು ತಮ್ಮ ಗಾಡಿಯ ಸುತ್ತ ಬಂದು ನಾಲ್ಕೂ ಗಾಲಿ ನೋಡಿದರು, ಬಾಗಿಲು ಸರಿಯಾಗಿ ಹಾಕಿದೆಯೋ ಎಂದು ಎಳೆದು ನೋಡಿದರು. ಕೊನೆಗೆ ನನ್ನ ಕಿಟಕಿಗೆ ಬಂದು, ನನ್ನಿಂದ ಏನು ತಪ್ಪಾಯಿತು ತಾಯಿ ಎಂಬ ಮುಖ ಮಾಡಿ ನಿಂತರು. ನಾನು ಕೈ ಮುಗಿದೆ. ಕೈ ಮುಗಿದದ್ದನ್ನು ನೋಡಿ ಅವರಿಗೆ ಇನ್ನಷ್ಟು ಗಾಬರಿಯಾಯಿತು. ಪರೀಕ್ಷಕ ಇಳಿದು, ಅವರಿಗೆ ಅರಬ್ಬಿಯಲ್ಲಿ ಸಮಾಧಾನ ಹೇಳಿ ಕಳಿಸಿದ. ನನಗೆ ಹೇಳಬೇಕಾದ್ದನ್ನು ಹೇಳಲು ಅವನಿಗೆ ಹಿಂದಿಯೇ ಸಾಲಲಿಲ್ಲ. ಕೈಯಲ್ಲೇ ತೋರಿಸಿದ, ಇಳಿ ಎಂದು.

ಕೊನೆಗೊಂದು ದಿನ ಪಾಸಾದೆ. ಎಷ್ಟನೆಯ ಸಲ ಎಂದು ಕೇಳಬೇಡಿ, ನಾನು ಹೇಳುವುದಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಸೊಲ್ಲಾಪುರಕ್ಕೆ ಫೋನ್ ಮಾಡಿದೆ. ಸುದ್ದಿ ಕೇಳಿ ಅತ್ತೆಗೂ ಖುಷಿಯೋ ಖುಷಿ. ಫೋನ್ ಇಡುವುದನ್ನೂ ಮರೆತು ಓಣಿಯವರಿಗೆಲ್ಲ ಸಾರಿದ್ದು ನನಗೆ ಮಸ್ಕತ್ತಿಗೆ ಕೇಳಿಸಿತು: "ನಮ್ಮ ಹುಡುಗ ಹೇಂತೀಗಿ ಭಾಳ ಮಾಡ್ತಾನವ್ವಾ! ಹ್ವಾದ ವರ್ಷ ಕೈಗೆ ಬಂಗಾರದ ಪಾಟಲಿ ಮಾಡಿಸಿದ್ದ, ಈ ವರ್ಷ ಲೈಸನ್ಸ ಮಾಡಿಸ್ಯಾನ."

ದಾಟದ ಮನುಷ್ಯ

ಅಲ್ಲಿ ವರ್ಷಾನುಗಟ್ಟಲೆ ಗಾಡಿ ಹೊಡೆದೆ. ಆಮೇಲೆ ಊರಿನ ವ್ಯಾಪಾರ ನೋಡಿಕೊಳ್ಳಲು ಸೊಲ್ಲಾಪುರಕ್ಕೇ ವಾಪಸ್ ಬಂದೆವು. ವಿಮಾನ ಇಳಿಯುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಇನ್ನು ಅಕ್ಕಲಕೋಟಕ್ಕೆ ಬೇಕೆಂದಾಗ ಹೋಗಬಹುದು. ಮನೆಯ ಮುಂದೆ ಗಾಡಿ ಇದೆ, ಚೀಲದಲ್ಲಿ ಲೈಸೆನ್ಸ್ ಇದೆ. ಮಾವನವರು ಆ ಲೈಸೆನ್ಸನ್ನು ಬೆಳಕಿಗೆ ಹಿಡಿದು ಮೇಲೆ ಕೆಳಗೆ ಮಾಡಿ ನೋಡಿದರು. "ಈ ಅರಬ್ಬಿ ಇಲ್ಲಿ ಯಾರ ಓದ್ಯಾರವ್ವಾ? ಇಲ್ಲೀದ ಹೊಸಾದ ತಗೊ. ಅಲ್ಲೀತನ ಗಾಡಿ ಮುಟ್ಟಬ್ಯಾಡ," ಎಂದರು. ಹೊರದೇಶದಲ್ಲಿ ಹೊರಗಿನವಳಾಗಿದ್ದೆ ಸರಿ, ಹುಟ್ಟಿದ ಸೀಮೆಯಲ್ಲೂ ಅದೇ ಹಣೆಬರಹವೇ!

ಡ್ರೈವಿಂಗ್ ಕ್ಲಾಸಿಗೆ ಹೆಸರು ಹಚ್ಚಿದೆ. ಮೊದಲ ದಿನ ಮಸ್ಕತ್ತಿನ ರೂಢಿಯಂತೆ ಎಡಗಡೆಯ ಬಾಗಿಲು ತೆರೆದು ಕೂತೆ, ಬೆಲ್ಟ್ ಹಾಕಿದೆ, ಕೈ ಮುಂದೆ ಚಾಚಿದೆ. ಸ್ಟೇರಿಂಗ್ ಇಲ್ಲ. ಕಲಿಸುವವನು ಹೊರಗೆ ನಿಂತಿದ್ದ. ನಮ್ಮ ಕಡೆ ಅತ್ತಿಗೆಗೆ ವೈನಿ ಅನ್ನುತ್ತಾರೆ, ಅವನೂ ಹಾಗೆಯೇ ಕರೆದ.

"ವೈನಿ, ಅದು ನನ್ನ ಜಾಗಾರಿ. ನೀವು ಕಲಿಯಾಕ ಬಂದೀರೋ, ಕಲಸಾಕ ಬಂದೀರೋ?"

ಅವಮಾನ ನುಂಗಿಕೊಂಡು ಬಲಗಡೆಗೆ ಬಂದೆ. ಕೆಲವು ದಿನ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕಿದೆ. ಸೊಲ್ಲಾಪುರದ ಸುಡು ಬಿಸಿಲಲ್ಲಿ ಗಾಜು ಒರೆಸುತ್ತಾ ಹೋಗುವ ಗಾಡಿ ಎಂದರೆ ನನ್ನದೇ ಎಂದು ಆ ಭಾಗದ ರಿಕ್ಷಾದವರಿಗೆಲ್ಲ ಗುರುತು ಸಿಕ್ಕಿತು. ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ರಸ್ತೆ ದಾಟದ ಆ ಮನುಷ್ಯನ ಬಗ್ಗೆ.

ರಸ್ತೆ ದಾಟುವವರಿಗಾಗಿ ಬಿಳಿ ಪಟ್ಟೆ ಬಳಿದ ಜಾಗ. ಬಿಳಿ ಟೋಪಿಯ ಒಬ್ಬ ಮನುಷ್ಯ ಅಂಚಿನಲ್ಲಿ ನಿಂತಿದ್ದ. ಮಸ್ಕತ್ತಿನಲ್ಲಿ ಹೀಗೆ ಯಾರಾದರೂ ನಿಂತರೆ ಗಾಡಿ ನಿಲ್ಲಿಸದವರಿಗೆ ಶಿಕ್ಷೆ. ನಾನು ನಿಲ್ಲಿಸಿದೆ. ದಾಟಿರಿ ಎಂದು ಕೈ ಮಾಡಿದೆ. ಅವನು ನನ್ನನ್ನು ನೋಡಿದ, ಹಿಂದೆ ತಿರುಗಿ ನೋಡಿದ, ಮತ್ತೆ ನನ್ನನ್ನು ನೋಡಿದ. ಹಿಂದಿನ ಗಾಡಿಗಳು ಬೊಬ್ಬೆ ಹಾಕತೊಡಗಿದವು.

"ಯಾಕ ನಿಂತ್ರಿ?" ಎಂದ ಕಲಿಸುವವನು.

"ಅಂವ ದಾಟಬೇಕಲ್ಲ."

"ಅಂವ ದಾಟೂದಿಲ್ರಿ ವೈನಿ! ಗಾಡಿ ಓಡಾಕತ್ತಿದ್ರ ಅಂವ ಅದರಾಗಿಂದs ಹಾದು ಹೋಗ್ತಿದ್ದ. ನೀವು ನಿಂತ್ರಲ್ಲ, ಈಗ ಹೆದರ್ಯಾನ."

ಆ ಮನುಷ್ಯ ಧೈರ್ಯ ಮಾಡಿ ಕಿಟಕಿಯ ಹತ್ತಿರ ಬಂದ. ಬಗ್ಗಿ, ಕಳಕಳಿಯಿಂದ, ಮರಾಠಿಯಲ್ಲಿ ಕೇಳಿದ, ಗಾಡಿ ಬಂದ್ ಬಿತ್ತೇನು ತಾಯಿ ಎಂದು. ನಾನು ಬಾಯಿ ತೆರೆಯುವುದರೊಳಗೆ ಹಣ್ಣಿನ ಗಾಡಿಯವನನ್ನೂ ಇನ್ನೊಬ್ಬನನ್ನೂ ಕೂಗಿ ಕರೆದ. ಮೂವರೂ ಸೇರಿ ಹಿಂದಿನಿಂದ ತಳ್ಳತೊಡಗಿದರು. ಇಂಜಿನ್ ಚಾಲೂ ಇದೆ ಎಂದು ಕಿರುಚಿದೆ, ಹಾರ್ನುಗಳ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಕಲಿಸುವವನಂತೂ ತನ್ನ ಕಡೆಯ ಕ್ಲಚ್ ಒತ್ತಿ ಹಿಡಿದು, "ಹೋಗ್ಲಿ ಬಿಡ್ರಿ, ಪೆಟ್ರೋಲ್ ಉಳೀತದ," ಎಂದ.

ನಮ್ಮನ್ನು ಬಿಳಿ ಪಟ್ಟೆ ದಾಟಿಸಿ, ಕೈ ಜಾಡಿಸಿಕೊಂಡು, ಆ ಮನುಷ್ಯ ಮತ್ತೆ ಹೋಗಿ ಅದೇ ಅಂಚಿನಲ್ಲಿ ನಿಂತ.

ಬರ್ರಿ ಬರ್ರಿ

ಸೊಲ್ಲಾಪುರದ ಪರೀಕ್ಷೆಯಲ್ಲಿ ಗಾಡಿಯನ್ನು ಎಂಟರ ಅಂಕಿಯ ಹಾಗೆ ತಿರುಗಿಸಿ ತೋರಿಸಿದೆ. ಸಾಹೇಬರು ಸರಿ ಎಂದರು. ಪಾಸಾದೆ. ಹೇಳುವಂಥದ್ದು ಏನೂ ನಡೆಯಲಿಲ್ಲ, ಅದೇ ನನಗೆ ಇವತ್ತಿಗೂ ಸೋಜಿಗ.

ಹೊಸ ಲೈಸೆನ್ಸ್ ಬಂದ ವಾರವೇ ನಮ್ಮ ಅಂಗಡಿಯ ಮುಂದಿನಿಂದ ಗಾಡಿಯನ್ನು ಹಿಂದಕ್ಕೆ ತೆಗೆಯಬೇಕಾಯಿತು. ಡ್ರಮ್ಮುಗಳ ನಡುವೆ ಪಳಗಿದವಳು ನಾನು, ಕಣ್ಣು ಮುಚ್ಚಿ ತೆಗೆಯಬಲ್ಲೆ. ಆದರೆ ಹೆಣ್ಣುಮಗಳು ರಿವರ್ಸ್ ಹಾಕಿದ ಸಪ್ಪಳ ನಮ್ಮೂರಿನ ಗಂಡಸರಿಗೆ ಎರಡು ಓಣಿ ಆಚೆಯೂ ಕೇಳಿಸುತ್ತದೆ. ಪಾನ್ ಅಂಗಡಿಯ ಮುಂದೆ ನಿಂತವರು ಬಂದರು. ಚಹಾ ಕುಡಿಯುತ್ತಿದ್ದವರು ಬಸಿ ಹಿಡಿದುಕೊಂಡೇ ಬಂದರು. ಒಬ್ಬ ಬಲಕ್ಕೆ ಹೊಡೆಯಿರಿ ಎಂದ, ಒಬ್ಬ ಎಡಕ್ಕೆ. ಇವರೆಲ್ಲರ ಮೇಲೆ ಯಜಮಾನಿಕೆ ವಹಿಸಿಕೊಂಡವನು ಇಸ್ತ್ರಿ ಮಾಡಿದ ಅಂಗಿಯ ಒಬ್ಬ ದೊಡ್ಡ ಮನುಷ್ಯ. ನನ್ನ ಗಾಡಿಯ ಹಿಂದೆ ನಿಂತು, ಬೆನ್ನು ರಸ್ತೆಗೆ ಮಾಡಿ, ಎರಡೂ ಕೈ ಆಡಿಸತೊಡಗಿದ.

"ಬರ್ರಿ, ಬರ್ರಿ, ಬರ್ರಿ!"

ಕನ್ನಡಿಯಲ್ಲಿ ಅವನ ಹಿಂದೆ ಒಂದು ಸ್ಕೂಟರ್ ಕಾಣಿಸಿತು. ನಿಲ್ಲಿಸಿದೆ.

"ಯಾಕ ನಿಂತ್ರಿ? ಬರ್ರಿ ಅಂದ್ರ ಬರ್ರಿ! ನಾ ಅದೀನಲ್ಲ!"

"ಹಿಂದ ಸ್ಕೂಟರ್ ಅದರಿ."

"ಅದು ದೂರ ಅದ. ಹೆಂಗಸರಿಗಿ ಅಂದಾಜ ಇರೂದಿಲ್ಲ. ಭಿಡೆ ಬಿಟ್ಟು ಬರ್ರಿ."

ಹೋದೆ. ಅವನು ಕೈ ಆಡಿಸುತ್ತಲೇ ಬದಿಗೆ ಸರಿದ. ದಡಲ್. ಗಾಡಿ ನಿಲ್ಲಿಸಿ ಇಳಿದೆ. ಸ್ಕೂಟರ್ ಅಂಗಾತ ಮಲಗಿತ್ತು. "ನೋಡ್ರಿ, ಹೆಂಗಸರ ಕೈಯಾಗ ಗಾಡಿ ಕೊಟ್ರ ಹಿಂಗs," ಎಂದು ಬಸಿ ಹಿಡಿದವನೊಬ್ಬ ಅಂದ. ನನ್ನ ಮೈ ಉರಿದುಹೋಯಿತು. ಈ ಸ್ಕೂಟರ್ ಯಾರದು, ಕರೆಯಿರಿ, ಅವರೇ ನ್ಯಾಯ ಹೇಳಲಿ ಎಂದು ಗಟ್ಟಿಯಾಗಿ ಕೇಳಿದೆ.

ಇಸ್ತ್ರಿ ಅಂಗಿಯವನು ಇನ್ನೂ ಮೇಲೆತ್ತಿಯೇ ಇದ್ದ ಎರಡೂ ಕೈಗಳನ್ನು ಮೆಲ್ಲಗೆ ಇಳಿಸಿದ.

"ನಂದರಿ," ಎಂದ.

ಅಂದಾಜು ಯಾರಿಗೆ ಇರುವುದಿಲ್ಲ ಎಂದು ಕೇಳಬಾರದಿತ್ತು. ಕೇಳಿಯೇ ಬಿಟ್ಟೆ.

ಕರೆಯಲು ಬಂದವನು

ನಾಗರ ಪಂಚಮಿ ಹತ್ತಿರ ಬಂತು. ತವರಿಗೆ ಹೋಗುವ ಹಬ್ಬ. ಎರಡು ದೇಶಗಳಲ್ಲಿ ನಾನು ಬೆವರು ಸುರಿಸಿದ್ದು ಈ ಒಂದು ದಿನಕ್ಕಾಗಿ. ಅವ್ವನಿಗೆ ಫೋನ್ ಮಾಡಿದೆ.

"ತಮ್ಮನ್ನ ಕಳಸಬ್ಯಾಡವ್ವಾ. ನಾನs ಗಾಡಿ ತಗೊಂಡು ಬರ್ತೀನಿ."

ಅವ್ವ ದನಿ ತಗ್ಗಿಸಿದಳು. "ಒಬ್ಬಾಕೀನ? ಯಾರೂ ಕರಿಯಾಕ ಹೋಗದ ನೀ ಬಂದ್ರ ಮಂದಿ ಏನಂದಾರು? ಅತ್ತಿ ಜೋಡಿ ಜಗಳಾ ಮಾಡ್ಕೊಂಡು ಬಂದಾಳ ಅಂತಾರ."

ಅತ್ತೆಯನ್ನು ಕೇಳಿದೆ. "ಕರಿಯಾಕ ಬರಲಾರದ ಕಳಸಿದ್ರ ನಾವs ಹೊರಗ ಹಾಕೀವಿ ಅಂತಾರ. ತಮ್ಮ ಬರಲಿ," ಎಂದರು. ಬೇರೆ ಯಾವ ಮಾತಿನಲ್ಲೂ ಒಂದಾಗದ ಬೀಗಿತ್ತಿಯರು ಇದರಲ್ಲಿ ಒಂದಾದರು.

ನನ್ನ ತಮ್ಮನಿಗೆ ಕಾರಿನ ಮಾತು ಬಿಡಿ, ಸೈಕಲ್ ಕೂಡ ಬರುವುದಿಲ್ಲ. ಪಂಚಮಿಯ ಗದ್ದಲದ ಬಸ್ಸಿನಲ್ಲಿ ಅಕ್ಕಲಕೋಟದಿಂದ ನಿಂತುಕೊಂಡೇ ಬಂದ. ಅತ್ತೆಯ ಕೈಯ ಹೋಳಿಗೆ ಉಂಡ. ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತು, "ನಡಿ ಅಕ್ಕಾ, ಕರಕೊಂಡು ಹೋಗ್ತೀನಿ," ಎಂದ. ಊರು ದಾಟುವುದರೊಳಗೆ ಗೊರಕೆ ಶುರುವಾಯಿತು.

ಊರಾಚೆ ಪೊಲೀಸರು ಗಾಡಿಗಳನ್ನು ನಿಲ್ಲಿಸಿ ಲೈಸೆನ್ಸ್ ನೋಡುತ್ತಿದ್ದರು. ನನ್ನ ಎದೆ ಉಬ್ಬಿತು. ಕಿಟಕಿ ಇಳಿಸಿ, ಹೊಸ ಲೈಸೆನ್ಸನ್ನು ಹೊರಗೆ ಚಾಚಿದೆ. ಪೊಲೀಸಪ್ಪ ಗಾಡಿಯನ್ನು ಸುತ್ತು ಹಾಕಿಕೊಂಡು ಹೋಗಿ ಆ ಕಡೆಯ ಕಿಟಕಿ ಬಡಿದ. ತಮ್ಮ ಬೆಚ್ಚಿ ಎದ್ದ.

"ಲೈಸನ್ಸ?"

"ನನಗ ಗಾಡಿ ಬರೂದಿಲ್ರಿ ಸಾಹೇಬ್ರ. ನಾ ಅಕ್ಕನ್ನ ಪಂಚಮೀಗಿ ಕರಕೊಂಡು ಹೊಂಟೀನಿ."

"ಹಂಗೇನು? ಸಾವಕಾಶ ಕರಕೊಂಡು ಹೋಗ್ರಿ."

ಚಾಚಿದ ನನ್ನ ಕೈ ಚಾಚಿದಂತೆಯೇ ಇತ್ತು. ಆ ಲೈಸೆನ್ಸಿಗಾಗಿ ನಾನು ಪಟ್ಟ ಪಾಡು ಅವನಿಗೇನು ಗೊತ್ತು! ಒಂದು ಸಲ ನೋಡಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಅಕ್ಕಲಕೋಟದಲ್ಲಿ ಅವ್ವ ಬಾಗಿಲಿಗೆ ಬಂದು ರೊಟ್ಟಿ ತುಣುಕು ನಿವಾಳಿಸಿದಳು. ಮೊದಲು ತಮ್ಮನಿಗೆ. "ಪಾಪ, ಬಿಸಲಾಗ ಅಕ್ಕನ್ನ ಕರಕೊಂಡು ಬಂದಾನ, ಮಾರಿ ಬಾಡೇದ ನೋಡು." ಗಾಡಿ ಹೊಡೆದವಳು ನಾನು ಎಂದೆ. "ಹೊಡದಿರ್ತಿ. ತಮ್ಮ ಇದ್ದಾನಂತ ಬಂದಿ. ಒಬ್ಬಾಕಿ ಆಗಿದ್ರ ಹೆಂಗ ಬರ್ತಿದ್ದಿ?" ಎಂದಳು. ಪಂಚಮಿಯ ಉಂಡಿ ಸಿಹಿಯಾಗಿತ್ತು, ಸಿಟ್ಟಿಗೆ ಎರಡು ಹೆಚ್ಚೇ ತಿಂದೆ.

ಹಬ್ಬ ಮುಗಿಯಿತು. ತಮ್ಮ ಅದೇ ಗೊರಕೆಯೊಂದಿಗೆ ನನ್ನನ್ನು ಸೊಲ್ಲಾಪುರಕ್ಕೆ "ಬಿಡಲು" ಬಂದ. ಬಿಟ್ಟ ಮೇಲೆ ಅವನು ವಾಪಸ್ ಹೋಗಬೇಕಲ್ಲ? ಹಬ್ಬದ ಬಸ್ಸುಗಳಿಗೆ ಕಾಲಿಡಲೂ ಜಾಗವಿಲ್ಲ. ಅತ್ತೆ ಮರುಗಿದರು. "ಪಾಪ, ಅವನ್ನ ಗಾಡ್ಯಾಗ ಬಿಟ್ಟು ಬಾ." ನಾನು ಕೀಲಿಕೈ ತೆಗೆದುಕೊಂಡೆ. ಹಿಂದೆಯೇ ಅತ್ತೆಯ ಪ್ರಶ್ನೆ ಬಂತು: "ತಿರಗಿ ಬರೂ ಮುಂದ ನಿನ್ನ ಜೋಡಿ ಯಾರು?" ಹೀಗೆ ನನ್ನನ್ನು ವಾಪಸ್ ಕರೆತರಲು ಮೈದುನನೂ ಹತ್ತಿದ. ಅವನಿಗೆ ಸ್ಕೂಟರ್ ಬಿಟ್ಟರೆ ಬೇರೇನೂ ಬರುವುದಿಲ್ಲ. ಒಬ್ಬನು ನನ್ನನ್ನು ಕರೆತಂದವನು, ಒಬ್ಬನು ಕರೆದೊಯ್ಯುವವನು. ಇಬ್ಬರೂ ಮಲಗಿದರು, ನಾನು ಹೊಡೆದೆ.

ಅಕ್ಕಲಕೋಟದಲ್ಲಿ ಅವ್ವ ಮೈದುನನನ್ನು ಬಿಟ್ಟಾಳೆಯೇ? ಬೀಗರ ಕಡೆಯವನು ಹಬ್ಬದಲ್ಲಿ ಮನೆಗೆ ಬಂದಿದ್ದಾನೆ. ಉಪಚಾರದ ಮೇಲೆ ಉಪಚಾರ. ಹೊಟ್ಟೆ ಬಿರಿಯುವಂತೆ ಉಂಡು, ಜೋಕಾಲಿಯಲ್ಲಿ ಹಾಗೇ ಒರಗಿ ನಿದ್ದೆ ಹೋದ. ಎಬ್ಬಿಸಲು ಹೋದೆ. ಅವ್ವ ಕೈ ಹಿಡಿದಳು.

"ಬೀಗರನ್ನ ನಿದ್ದ್ಯಾಗಿಂದ ಎಬ್ಬಿಸಿ ಕಳಸೂದೇನ? ಮಾನ ಹೋಗ್ತದ!"

"ಹಂಗಾರ ನಾ ಹೋಗ್ಲಿ? ಅತ್ತಿಯವರು ದೀಪಾ ಹಚ್ಚೂದ್ರಾಗ ಬಾ ಅಂದಾರ."

ಅವ್ವನ ಪಾಡು ನೋಡಬೇಕಿತ್ತು. ಬೀಗನನ್ನು ಎಬ್ಬಿಸಿದರೆ ಅವಮರ್ಯಾದೆ, ಮಗಳನ್ನು ಒಬ್ಬಳನ್ನೇ ಕಳಿಸಿದರೆ ನಾಚಿಕೆಗೇಡು. ತೂಗಿ ನೋಡಿ ಬೀಗರ ನಿದ್ದೆಯೇ ದೊಡ್ಡದು ಎಂದು ತೀರ್ಮಾನಿಸಿದಳು. ಒಳಗಿನಿಂದ ಒಂದು ಚಾದರು ಸುತ್ತಿ ತಂದಳು. ಅದನ್ನು ಪಕ್ಕದ ಸೀಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಬೆಲ್ಟ್ ಹಾಕಿ, ಮೇಲೆ ತಮ್ಮನ ಟೋಪಿ ಇಟ್ಟಳು. "ಯಾರರ ನೋಡಿದ್ರ ಕರಕೊಂಡು ಹೊಂಟಾರ ಅಂತಾರ," ಎಂದಳು.

ಹಾಗೆ ಜೀವನದಲ್ಲಿ ಮೊದಲ ಸಲ ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ನಾನೊಬ್ಬಳೇ ಬಂದೆ. ಹಾದಿಯುದ್ದಕ್ಕೂ ಆ ಚಾದರಿಗೆ ಬಾಯಿಗೆ ಬಂದಂತೆ ಬೈದೆ. ಒಂದು ಮಾತು ಒಪ್ಪಬೇಕು, ಇಷ್ಟು ವರ್ಷಗಳಲ್ಲಿ ಪಕ್ಕದಲ್ಲಿ ಕೂತು ಬುದ್ಧಿ ಹೇಳದ ಜೊತೆಗಾರ ಅದೊಂದೇ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಚಾದರು ನೋಡಿದರು, ಟೋಪಿ ನೋಡಿದರು, ಹಿಂದಿನ ಸೀಟು ನೋಡಿದರು. ಬೈಗುಳ ಬರಲಿ ಎಂದು ನಾನು ಸೆರಗು ಸಿಕ್ಕಿಸಿ ಸಿದ್ಧಳಾದೆ.

"ಸಣ್ಣಾಂವ ಎಲ್ಲಿ?"

"ಅಲ್ಲೇ ಮಲಗ್ಯಾನ್ರಿ. ಅವ್ವ ಎಬ್ಬಸಗೊಡಲಿಲ್ಲ."

"ಅಯ್ಯ ಶಿವನ! ಬೀಗರ ಮನ್ಯಾಗ ಒಬ್ಬಾವನ್ನ ಬಿಟ್ಟು ಬಂದೇನು? ಬಸ್ಸಿನ ಗದ್ಲ ಅಂವಗ ಆಗೂದಿಲ್ಲ. ನಾಳಿ ಮುಂಜಾನೆದ್ದು ಹೋಗಿ ಕರಕೊಂಡು ಬಾ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. "ನಾ ಒಬ್ಬಾಕೀನರಿ?"

ಅತ್ತೆ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು.

"ಮತ್ತ? ಕರಿಯಾಕ ಹೋಗೂರಿಗಿ ಜೋಡಿ ಯಾಕ ಬೇಕ?"